ಹದಿನೆಂಟು ಗಡಿಗೆ, ಒಂದು ಬೊಗಸೆ ನೀರು

ಬೈಲಹೊಂಗಲದ ಹಳೆಯ ಕಾಲೇಜೊಂದರ ಹಿಂಬದಿಗಿರುವ ವಸ್ತುಸಂಗ್ರಹಾಲಯದಲ್ಲಿ ನಾನು ಇಪ್ಪತ್ತಾರು ವರ್ಷ ಚಾಕರಿ ಮಾಡಿದೆ. ಹುದ್ದೆಗೆ ಅಟೆಂಡರ್ ಎಂದು ಹೆಸರು. ಮಾಡಿದ್ದು ಸತ್ತವುಗಳ ಸೇವೆ. ಹೊಟ್ಟೆಗೆ ಹುಲ್ಲು ತುಂಬಿದ ಚಿಗರಿ, ಗಾಜಿನ ಕಣ್ಣಿನ ಗೂಬೆ, ಬಾಟಲಿಯೊಳಗೆ ಸುರುಳಿ ಸುತ್ತಿ ಕುಳಿತ ಹಾವುಗಳು. ಬೆಳಿಗ್ಗೆ ಬಾಗಿಲು ತೆಗೆದು ಇವುಗಳ ಧೂಳು ಒರೆಸಿದರೆ ಅರ್ಧ ಕೆಲಸ ಮುಗಿದಂತೆ. ಕಿತ್ತೂರಿನ ಕೋಟೆ ನೋಡಿಕೊಂಡು ಬರುವ ಶಾಲೆಯ ಬಸ್ಸುಗಳು ಆಗಾಗ ನಮ್ಮಲ್ಲಿ ನಿಲ್ಲುತ್ತಿದ್ದವು. ಮಕ್ಕಳು ಗಾಜಿಗೆ ಮೂಗು ಒತ್ತಿ "ಇದು ಖರೇನ ಸತ್ತೈತೇನ್ರಿ?" ಎಂದು ಕೇಳುತ್ತಿದ್ದರು. "ನೀ ಹುಟ್ಟೂಕಿಂತ ಮೊದಲ ಸತ್ತೈತಿ, ಮೂಗ ತಗೀ" ಎನ್ನುತ್ತಿದ್ದೆ. ನನ್ನ ಬಾಯಿ ಮೊದಲಿನಿಂದಲೂ ಸ್ವಲ್ಪ ಖಾರ.

ಸತ್ತವುಗಳ ಜೊತೆ ಒಂದು ಸುಖವಿದೆ. ಅವಕ್ಕೆ ಹಸಿವಿಲ್ಲ, ಬಾಯಾರಿಕೆಯಿಲ್ಲ. ನಾವು ತಪ್ಪು ಮಾಡಿದರೂ ಅವು ಇನ್ನೊಮ್ಮೆ ಸಾಯುವುದಿಲ್ಲ. ಆ ಸುಖ ನನಗೆ ಇಪ್ಪತ್ತು ವರ್ಷ ಸಿಕ್ಕಿತು. ಆಮೇಲೆ ನಮ್ಮ ಮುಖ್ಯಸ್ಥರು ಹಿಂದಿನ ಪಡಸಾಲೆಗೆ ಜಾಳಿಗೆ ಹೊಡೆಸಿ, ಇನ್ನು ಮೇಲೆ ಇಲ್ಲಿ ಜೀವಂತ ಪ್ರಾಣಿಗಳನ್ನೂ ಇಡುತ್ತೇವೆ, ಸಂಶೋಧನೆ ನಡೆಯುತ್ತದೆ ಎಂದರು. ಪರವಾನಗಿ ಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. "ನೋಡಕೊಳ್ಳಾವ್ರು ಯಾರ್ರಿ?" ಎಂದು ಕೇಳಿದೆ. ಅವರು ನನ್ನನ್ನೇ ನೋಡಿದರು. ನಾನು ಗೂಬೆಯ ಕಡೆ ನೋಡಿದೆ.

ಆ ಪಡಸಾಲೆಗೆ ಮೊದಲು ಬಂದವರು ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿಯ ಒಬ್ಬ ಹೆಣ್ಣುಮಗಳು. ಒಕ್ಕಲುತನದ ಮನೆಯವರು, ಪಿಎಚ್‌ಡಿ ಮಾಡಲು ಹೊರಟಿದ್ದರು. ನಾನು ಅವರನ್ನು ನಮ್ಮ ಕಡೆಯ ಮರ್ಯಾದೆಯಂತೆ ಬಾಯಾರ ಎಂದು ಕರೆಯುತ್ತಿದ್ದೆ, ಅವರು ನನ್ನನ್ನು ಕಾಕಾ ಎನ್ನುತ್ತಿದ್ದರು. ನಾನು ಅಂದುಕೊಂಡಿದ್ದೆ, ಇವರು ಬಣ್ಣದ ಗಿಳಿಯನ್ನೋ ಮೊಲವನ್ನೋ ತಂದಾರು ಎಂದು. ಅವರು ಕೇಳಿದ್ದು ಹದಿನೆಂಟು ಮಣ್ಣಿನ ಗಡಿಗೆ ಮತ್ತು ಒಂದು ಚಕ್ಕಡಿ ಎರೆಮಣ್ಣು.

"ಕಪ್ಪಿ ಸಾಕತೇನ್ರಿ ಕಾಕಾ" ಎಂದರು.

"ಸಾಕೂದೇನ್ ಬಂತ್ರಿ ಅದಕ್ಕ? ಮಳಿ ಬಂದ್ರ ಮನೀ ಮುಂದ ಬಂದು ಕುಂದರತಾವು" ಎಂದೆ.

ಅವರು ನಕ್ಕರು. ಆದರೆ ಅವರು ಹೇಳಿದ್ದು ಮಳೆಯಲ್ಲಿ ಒದರುವ ಕಪ್ಪೆಯ ಮಾತಲ್ಲ, ಮಳೆಯಿಲ್ಲದಾಗ ಅದು ಎಲ್ಲಿರುತ್ತದೆ ಎಂಬ ಮಾತು. ಎರೆಹೊಲದಲ್ಲಿ ಒಂದು ಜಾತಿಯ ಕಪ್ಪೆಯಿದೆ. ಗುಂಡಗೆ, ದಪ್ಪಗೆ, ಬೆಲ್ಲದ ಸಣ್ಣ ಅಚ್ಚಿನಷ್ಟು. ಹಿಂಗಾಲಿನಲ್ಲಿ ಸಲಿಕೆಯಂಥ ಒಂದು ಗಟ್ಟಿ ಗಂಟಿರುತ್ತದೆ. ಅದರಿಂದ ಮಣ್ಣು ಕೆದರುತ್ತ, ಹಿಂದುಹಿಂದಕ್ಕೆ ಸರಿಯುತ್ತ ನೆಲದೊಳಗೆ ಇಳಿಯುತ್ತದೆ. ಹಿಂಗಾರು ಮುಗಿದ ಮೇಲೆ ಇಳಿದದ್ದು ಮುಂಗಾರಿನವರೆಗೆ ಅನ್ನವಿಲ್ಲದೆ ನೀರಿಲ್ಲದೆ ಮಲಗಿರುತ್ತದೆ. ಸಣ್ಣವರಿದ್ದಾಗ ನೇಗಿಲಿನ ಸಾಲಿನಲ್ಲಿ ಇಂಥವು ಎದ್ದು ಬಂದದ್ದನ್ನು ಅವರೂ ನೋಡಿದ್ದರು, ನಾನೂ ನೋಡಿದ್ದೆ. ನಾನು ಅದನ್ನು ಕಾಲಿನಿಂದ ಸರಿಸಿ ಮುಂದೆ ಹೋಗಿದ್ದೆ; ಅವರು ನಿಂತು, ಇದಕ್ಕೆ ಏಳುವ ಹೊತ್ತು ಹೇಗೆ ತಿಳಿಯುತ್ತದೆ ಎಂದು ಕೇಳಿಕೊಂಡಿದ್ದರು. ಮಣ್ಣಿಗೆ ನೀರು ಬಿದ್ದ ಎಷ್ಟು ಗಂಟೆಗೆ ಅವು ಏಳುತ್ತವೆ ಎಂದು ಅಳೆಯುವುದು ಅವರ ಕೆಲಸವಾಗಿತ್ತು.

ಮಣ್ಣು ನಾನೇ ತರಿಸಿಕೊಟ್ಟೆ. ನಮ್ಮದು ಸವದತ್ತಿ ತಾಲ್ಲೂಕಿನ ಚಚಡಿ. ಊರಿನ ಹಳೆಯ ದೊಡ್ಡಮನೆ, ವಾಡೆಯ ಹಿಂದಿನ ದಾರಿಯಲ್ಲಿ ಸ್ವಲ್ಪ ನಡೆದರೆ ನಮ್ಮ ಹೊಲ. ನಾನು ನೌಕರಿ ಹಿಡಿದು ಊರು ಬಿಟ್ಟ ಮೇಲೆ ಅಣ್ಣ ಅದನ್ನು ಮಾಡುತ್ತಾನೆ. "ಮಣ್ಣು ಯಾತಕ್ಕೋ?" ಎಂದು ಕೇಳಿದ. "ಕಪ್ಪೀಗೆ ಮನಿ ಕಟ್ಟಾಕ" ಎಂದೆ. "ನಿನಗ ಪಗಾರ ಕೊಡೂದು ಇದಕ್ಕೇನು?" ಎಂದು ನಕ್ಕ, ಆದರೆ ಒಳ್ಳೆಯ ಮಣ್ಣನ್ನೇ ಕಳಿಸಿದ. ಕಪ್ಪೆಗಳು ಉಗರಗೋಳದ ಕಡೆಯ ಹೊಲಗಳಿಂದ ಬಂದವು. ಒಂದೊಂದು ಗಡಿಗೆಗೆ ಒಂದೊಂದನ್ನು ಬಿಟ್ಟೆವು. ಅವು ನಮ್ಮ ಮುಖ ನೋಡುತ್ತಲೇ ಹಿಂದಕ್ಕೆ ಸರಿಯುತ್ತ ಮಣ್ಣೊಳಗೆ ಇಳಿದುಹೋದವು. ಕೊನೆಗೆ ಎರಡು ಕಣ್ಣು, ಆಮೇಲೆ ಅವೂ ಇಲ್ಲ. ಹದಿನೆಂಟು ಗಡಿಗೆ ಮಣ್ಣು ಮಾತ್ರ ಉಳಿಯಿತು.

ಬಾಯಾರ ಒಂದು ಉದ್ದನೆಯ ರಿಜಿಸ್ಟರು ಕೊಟ್ಟರು. ದಿನಾ ಬೆಳಿಗ್ಗೆ ತಾರೀಖು, ಕೋಣೆಯ ಉಷ್ಣತೆ, ಆಮೇಲೆ "ನೀರು" ಎಂಬ ಕಾಲಮ್ಮು. ಅದರಲ್ಲಿ ನಾನು "ಇಲ್ಲ" ಎಂದು ಬರೆಯಬೇಕು. ಪ್ರತಿ ಶನಿವಾರ ಗಡಿಗೆಗಳನ್ನು ತಕ್ಕಡಿಗೆ ಇಟ್ಟು ತೂಕ ಬರೆಯಬೇಕು. "ಕಾಕಾ, ಒಂದು ಹನಿ ನೀರು ಬಿದ್ರೂ ನನ್ನ ಕೆಲಸ ಕೆಟ್ಟಹೋಗ್ತೈತ್ರಿ" ಎಂದು ಅವರು ಮೊದಲ ದಿನವೇ ಹೇಳಿದ್ದರು. ಬೇಸಿಗೆಯಲ್ಲಿ ನೆಲಕ್ಕೆ ನೀರು ಹೊಡೆದು ಗುಡಿಸುವ ನನ್ನ ರೂಢಿಯನ್ನೂ ಬಿಡಿಸಿದರು. ಒಣ ನೆಲವನ್ನು ಗುಡಿಸಿ ಗುಡಿಸಿ ನನಗೆ ಸೀನು ಹತ್ತಿತು. ಹೆಂಡತಿಯ ಮುಂದೆ, "ಈ ಬಾಯಾರ ಕಪ್ಪಿ ಎಬ್ಬಸೂದರಾಗ ನನ್ನ ಮಲಗಸ್ತಾರ" ಎಂದು ಹಾಡಿಕೊಂಡೆ. ಆದರೂ "ಇಲ್ಲ" ಎಂದು ಬರೆಯುವುದರಲ್ಲಿ ಒಂದು ಹೆಮ್ಮೆಯಿತ್ತು. ಇಪ್ಪತ್ತು ವರ್ಷ ಧೂಳು ಒರೆಸಿದವನ ಅಕ್ಷರಕ್ಕೆ ಮೊದಲ ಸಲ ಬೆಲೆ ಬಂದಿತ್ತು.

ಈಗ ನಮ್ಮ ಮನೆಯ ಒಂದು ಪದ್ಧತಿಯನ್ನು ಹೇಳಬೇಕು. ಮೃಗಶಿರಾ ಮಳೆಯ ನಕ್ಷತ್ರ ಕೂಡುವ ದಿನವನ್ನು ನಮ್ಮ ಕಡೆ ಮಿರಗ ಎನ್ನುತ್ತಾರೆ. ಊರಿನ ಎಲ್ಲರ ಮನೆಯಲ್ಲೂ ಕೂರಿಗೆ ತೊಳೆದು ಪೂಜೆ ಮಾಡುತ್ತಾರೆ. ನಮ್ಮ ಮನೆಯಲ್ಲಿ ಇನ್ನೊಂದಿತ್ತು. ಆ ಮುಂಜಾನೆ ಅವ್ವ ಏನೂ ತಿನ್ನದೆ ಹೊಲಕ್ಕೆ ಹೋಗಿ, ಬದುವಿನ ಮಗ್ಗುಲಿಗೆ ಒಂದು ಬೊಗಸೆ ನೀರು ಸುರಿದು ಬರುತ್ತಿದ್ದಳು. "ಮಳಿ ಬರೂದು ಬಿಡೂದು ಅದರ ಮನಸು. ಮದಲ್ನೇ ನೀರು ನಾವ ಕೊಡಬೇಕಪಾ. ಮಣ್ಣು ಒಣಾ ಬಾಯಿಲೆ ಕುಂತಾಗ ನಾವು ಉಣಬಾರದು" ಎನ್ನುತ್ತಿದ್ದಳು. ಊರು ಬಿಟ್ಟ ಮೇಲೂ ನಾನು ಅದನ್ನು ಬಿಡಲಿಲ್ಲ. ಬೈಲಹೊಂಗಲದ ಬಾಡಿಗೆ ಮನೆಯ ಮುಂದಿನ ಶೇವಂತಿ ಕುಂಡಕ್ಕೆ ಒಂದು ಬೊಗಸೆ ಹಾಕಿ, ಆಮೇಲೆ ಚಹಾ ಕುಡಿಯುತ್ತಿದ್ದೆ.

ಮೊದಲ ವರ್ಷದ ಮಿರಗದ ದಿನ ಬಾಯಾರ ಊರಿನಲ್ಲಿರಲಿಲ್ಲ. ತಂಗಿಯ ನಿಶ್ಚಯವಿದೆ ಎಂದು ನಾಲ್ಕು ದಿನ ಸಾಲಹಳ್ಳಿಗೆ ಹೋಗಿದ್ದರು. ನಾನು ಬೆಳಿಗ್ಗೆ ಬೇಗ ಬಂದೆ. ಜಾಳಿಗೆಯಿಂದ ಬಿಸಿಲು ಬಿದ್ದು ಗಡಿಗೆಯ ಮಣ್ಣು ಬಿರಿದಿತ್ತು. ಎರೆಮಣ್ಣು ಒಣಗಿದರೆ ಕುಗ್ಗುತ್ತದೆ; ಗಡಿಗೆಯ ಅಂಚಿಗೂ ಮಣ್ಣಿಗೂ ನಡುವೆ ಬೆರಳು ಹೋಗುವಷ್ಟು ಸಂದು ಬಿದ್ದಿತ್ತು. ನಮ್ಮ ಹೊಲದ ಮಣ್ಣು, ನಮ್ಮ ಅವ್ವ ನೀರು ಕೊಡುತ್ತಿದ್ದ ಮಣ್ಣು, ಹದಿನೆಂಟು ಗಡಿಗೆಗಳಲ್ಲಿ ಬಾಯಿ ತೆರೆದುಕೊಂಡು ಕುಳಿತಿತ್ತು. ನಾನಿನ್ನೂ ಚಹಾ ಕುಡಿದಿರಲಿಲ್ಲ.

ಯೋಚನೆ ಮಾಡಿ ಮಾಡಿದ ಕೆಲಸವಲ್ಲ ಅದು. ಯೋಚನೆ ಮಾಡಿದ್ದರೆ ಒಂದು ಗಡಿಗೆಗೆ ಹಾಕಿ ಬಿಡುತ್ತಿದ್ದೆ. ಒಂದಕ್ಕೆ ಹಾಕಿದ ಮೇಲೆ ಪಕ್ಕದ್ದು ನೋಡುತ್ತಿದೆ ಅನಿಸಿತು. ಪಂಕ್ತಿಯಲ್ಲಿ ಕುಳಿತವರಲ್ಲಿ ಒಬ್ಬರಿಗೆ ಬಡಿಸಿ ಇನ್ನೊಬ್ಬರಿಗೆ ಬಿಡುವುದುಂಟೇ? ಹದಿನೆಂಟಕ್ಕೂ ಒಂದೊಂದು ಬೊಗಸೆ ಹಾಕಿದೆ. ಸಂದಿಯಲ್ಲಿ ನೀರು ಗುಟಗುಟ ಇಳಿಯಿತು, ಮೇಲಿನ ಮಣ್ಣು ಒದ್ದೆಯಾದಂತೆಯೂ ಕಾಣಲಿಲ್ಲ. ಕೈ ಒರೆಸಿಕೊಂಡು ರಿಜಿಸ್ಟರು ತೆಗೆದು, ನೀರು ಎಂಬ ಕಾಲಮ್ಮಿನಲ್ಲಿ "ಇಲ್ಲ" ಎಂದು ಬರೆದೆ. ದೇವರಾಣೆ, ಬರೆಯುವಾಗ ಸುಳ್ಳು ಬರೆಯುತ್ತಿದ್ದೇನೆ ಎಂದು ಹೊಳೆಯಲಿಲ್ಲ. ಅದು ನೀರು ಹಾಕಿದ್ದಲ್ಲ, ಪೂಜೆ. ನನ್ನ ತಲೆಯಲ್ಲಿ ಎರಡೂ ಬೇರೆ ಬೇರೆ ಗೂಡಿನಲ್ಲಿದ್ದವು.

ಮೂರನೆಯ ದಿನ ಐದನೇ ಗಡಿಗೆಯ ಮಣ್ಣು ಉಬ್ಬಿತು. ನಾಲ್ಕನೆಯ ದಿನ ಬಾಯಾರ ಬಂದು ಬಾಗಿಲು ತೆರೆದಾಗ ಹನ್ನೊಂದು ಗಡಿಗೆಗಳಲ್ಲಿ ಕಪ್ಪೆಗಳು ಮೇಲೆ ಬಂದು ಕುಳಿತಿದ್ದವು. ಉಳಿದ ಏಳು ಮೂತಿ ತೋರಿಸುತ್ತಿದ್ದವು. ಅವರು ಚೀಲವನ್ನು ನೆಲಕ್ಕೆ ಬಿಟ್ಟು ಹಾಗೇ ನಿಂತರು. ಆ ಎರಡು ಗೂಡುಗಳ ನಡುವಿನ ಗೋಡೆ ಆಗ ಬಿತ್ತು.

"ಕಾಕಾ, ನೀರೇನರೆ ಬಿತ್ತೇನ್ರಿ?" ಎಂದು ಕೇಳಿದರು.

ಬೈಗುಳದ ದನಿಯಲ್ಲ, ಸುಮ್ಮನೆ ಕೇಳಿದ್ದು. ಹೌದು ಎಂದರೆ ಒಂದು ವರ್ಷದ ಕೆಲಸ ಹಾಳು ಎಂದು ಮುಖ ಸಣ್ಣದು ಮಾಡಿಕೊಳ್ಳುತ್ತಾರೆ, ಮುಖ್ಯಸ್ಥರು ನಾಲ್ಕು ಮಾತು ಅನ್ನುತ್ತಾರೆ, ಅಷ್ಟೇ. ಅಷ್ಟಕ್ಕೇ ಮುಗಿಯುತ್ತಿತ್ತು. ನಾನು "ಇಲ್ರಿ" ಎಂದೆ. ರಿಜಿಸ್ಟರನ್ನೂ ತೆರೆದು ತೋರಿಸಿದೆ.

ಅವರ ಕಣ್ಣು ತುಂಬಿದವು. ನೀರಿಲ್ಲದೆ ಎದ್ದವು ಕಾಕಾ, ಮಿರಗದ ಹೊತ್ತಿಗೆ ಸರಿಯಾಗಿ ಎದ್ದವು, ಒಳಗೆ ಮಲಗಿದ್ದರೂ ಅವಕ್ಕೆ ದಿನ ಗೊತ್ತಿದೆ, ಇದು ಯಾರಿಗೂ ಗೊತ್ತಿರದ ಸಂಗತಿ ಎಂದು ಒಂದೇ ಉಸಿರಿನಲ್ಲಿ ಹೇಳಿದರು. ಎಷ್ಟು ಗಂಟೆಗೆ ಏಳುತ್ತವೆ ಎಂದು ಅಳೆಯಲು ಬಂದವರಿಗೆ ನಾನು ಒಂದು ಪವಾಡವನ್ನೇ ಕೈಗೆ ಕೊಟ್ಟಿದ್ದೆ. ಆ ಶನಿವಾರ ತೂಕ ಮಾಡುವಾಗ ಗಡಿಗೆಗಳು ಸ್ವಲ್ಪ ಭಾರ ಬಂದವು. ನಾನು ಹಿಂದಿನ ವಾರದ ತೂಕವನ್ನೇ ಇನ್ನೊಮ್ಮೆ ಬರೆದೆ. ಪೂಜೆ ಎಂಬ ನೆವ ಅದಕ್ಕೆ ಇರಲಿಲ್ಲ. ನನ್ನ ಪ್ರಕಾರ ತಪ್ಪು ಶುರುವಾದದ್ದು ನೀರಿನಿಂದಲ್ಲ, ಆ ಶನಿವಾರದಿಂದ.

ಹೆಂಡತಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. "ನಾಳಿ ಹೋಗಿ ಹೇಳಿಬಿಡ್ರಿ. ಹೊಲದ ಮಣ್ಣಿಗೆ ಹಾಕಿದ್ನಿ ಅನ್ರಿ. ಅವರೂ ಒಕ್ಕಲಿಗರ ಮಗಳ ಅದಾರ, ತಿಳೀತೈತಿ" ಎಂದಳು. ಎಷ್ಟು ಸರಳವಾಗಿ ಹೇಳಿದಳು! ಮರುದಿನ ಹೋದೆ. ಬಾಯಾರ ಎಲ್ಲರಿಗೂ ಕರದಂಟು ಹಂಚುತ್ತಿದ್ದರು. ಮೊದಲ ತುಂಡನ್ನು ನನ್ನ ಕೈಯಲ್ಲಿಟ್ಟು, "ಎಲ್ಲಾ ಕಾಕಾರ ಕೈಗುಣ" ಎಂದರು. ನಾನು ತಿಂದೆ. ಬಾಯಲ್ಲಿ ಕರದಂಟು ಇಟ್ಟುಕೊಂಡು ಎಂಥ ಮಾತು ಬಂದೀತು?

ಅವರ ಮಾರ್ಗದರ್ಶಕರು ಅಷ್ಟು ಸುಲಭಕ್ಕೆ ಒಪ್ಪುವವರಲ್ಲ. ಒಂದು ವರ್ಷದ್ದು ಆಕಸ್ಮಿಕ ಇರಬಹುದು, ಇನ್ನೆರಡು ವರ್ಷ ಮಾಡಿ ತೋರಿಸಿ ಎಂದರು. ಹೊಸ ಕಪ್ಪೆಗಳು ಬಂದವು, ಮತ್ತೆ ನಮ್ಮ ಹೊಲದ ಮಣ್ಣು ಬಂತು. ಆ ವರ್ಷವಿಡೀ ನಾನು ನನಗೆ ಸಮಾಧಾನ ಹೇಳಿಕೊಂಡೆ. ಯಾರಿಗೆ ಗೊತ್ತು, ನೀರಿಲ್ಲದೆಯೂ ಎದ್ದಾವು. ಈ ಸಲ ಹಾಕದೆ ಇದ್ದರಾಯಿತು, ಎದ್ದರೆ ನನ್ನ ತಪ್ಪು ತಪ್ಪೇ ಅಲ್ಲ. ಮಿರಗ ಕೂಡಿತು. ನಾನು ಹಾಕಲಿಲ್ಲ. ಎರಡು ದಿನ, ನಾಲ್ಕು ದಿನ, ಆರು ದಿನ. ಮಣ್ಣು ಮಿಸುಕಲಿಲ್ಲ. ಬಾಯಾರ ಕ್ಯಾಮೆರಾ ಇಟ್ಟುಕೊಂಡು ಬೆಳಿಗ್ಗೆಯಿಂದ ಸಂಜೆಯವರೆಗೆ ಅಲ್ಲೇ ಕುಳಿತಿರುತ್ತಿದ್ದರು. ಊಟಕ್ಕೂ ಏಳುತ್ತಿರಲಿಲ್ಲ; ರಾತ್ರಿ ಕ್ಯಾಮೆರಾವನ್ನು ಮನೆಗೆ ಒಯ್ಯುತ್ತಿದ್ದರು. "ನನ್ನ ನಸೀಬ ಒಂದು ವರ್ಷದ್ದ ಏನೋ ಕಾಕಾ" ಎಂದು ಆರನೆಯ ದಿನ ಹೇಳಿದರು.

ಏಳನೆಯ ದಿನ ನಸುಕಿನಲ್ಲಿ ನಾನು ಬೀಗದ ಕೈ ಹಿಡಿದು ಬಂದೆ. ಈ ಸಲ ತಿಳಿದೂ ತಿಳಿದೂ ಹಾಕಿದೆ. ಸಂದಿಯಲ್ಲೇ, ಮೇಲೆ ಒಂದು ಹನಿ ಬೀಳದಂತೆ ಹುಷಾರಾಗಿ. ಮೂರು ದಿನಕ್ಕೆ ಕಪ್ಪೆಗಳು ಎದ್ದವು. ಚಹಾ ಕುಡಿದೇ ಬಂದಿದ್ದೆ. ಅವ್ವನ ನೆನಪೂ ಆಗಲಿಲ್ಲ, ಆಗಿದ್ದರೆ ಚೆನ್ನಾಗಿತ್ತು. ಅವರ ಮೇಲಿನ ಕನಿಕರಕ್ಕೆ ಮಾಡಿದೆ ಎಂದು ಬಹಳ ದಿನ ನಂಬಿದ್ದೆ. ಈಗ ಹಾಗೆ ಹೇಳಲು ನಾಚಿಕೆಯಾಗುತ್ತದೆ. ನನ್ನ ಮೊದಲ ಸುಳ್ಳು ಬಯಲಾಗಬಾರದೆಂಬ ಭಯವೇ ಅದರಲ್ಲಿ ಮುಕ್ಕಾಲು ಪಾಲು. ಮೂರನೆಯ ವರ್ಷ ಯಾವ ಸಂಕಟವೂ ಆಗಲಿಲ್ಲ, ಕೈ ತಾನಾಗಿಯೇ ಮಾಡಿತು. ಅದೇ ಎಲ್ಲಕ್ಕಿಂತ ಕೆಟ್ಟದ್ದು.

ಅವರಿಗೆ ಪಿಎಚ್‌ಡಿ ಬಂತು. ಲೇಖನವೂ ಅಚ್ಚಾಯಿತು. ನಮ್ಮಲ್ಲಿ ಒಂದು ಹೊಸ ಫಲಕ ಬಂತು: ಎರೆಹೊಲದ ಕಪ್ಪೆಗೆ ಮಣ್ಣೊಳಗಿದ್ದರೂ ಮಳೆಗಾಲದ ದಿನ ತಿಳಿಯುತ್ತದೆ ಎಂದು ದಪ್ಪ ಅಕ್ಷರದಲ್ಲಿ, ಕೆಳಗೆ ಕಪ್ಪೆಯ ದೊಡ್ಡ ಚಿತ್ರ. ಶಾಲೆಯ ಮಕ್ಕಳು ಅದನ್ನು ಗಟ್ಟಿಯಾಗಿ ಓದುವಾಗ ನಾನು ಹೊರಗೆ ಹೋಗಿ ನಿಲ್ಲುತ್ತಿದ್ದೆ. ಬಾಯಾರ ತಮ್ಮ ಪ್ರಬಂಧದ ಒಂದು ಪ್ರತಿಯನ್ನು ನನಗೂ ಕೊಟ್ಟರು. ಕೃತಜ್ಞತೆಯ ಪುಟದಲ್ಲಿ, ಮೂರು ವರ್ಷ ಒಂದು ದಿನವೂ ತಪ್ಪದೆ ಪ್ರಾಣಿಗಳನ್ನು ನೋಡಿಕೊಂಡು ಪ್ರಾಮಾಣಿಕವಾಗಿ ದಾಖಲೆ ಬರೆದ ಕಾಕಾ ಅವರಿಗೆ ಎಂದಿತ್ತು. ಹೆಂಡತಿ ಅದನ್ನು ಓದಿ, ಪುಸ್ತಕ ಮುಚ್ಚಿ, ಕಪಾಟಿನ ಮೇಲಿನ ಅರೆಯಲ್ಲಿ ಹಾಸಿಗೆಗಳ ಕೆಳಗೆ ಇಟ್ಟಳು.

ಅವರಿಗೆ ದೂರದ ದೊಡ್ಡ ಊರಿನ ದೊಡ್ಡ ಸಂಗ್ರಹಾಲಯದಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಗಾಳಿ, ಬೆಳಕು, ಶಾಖ ಎಲ್ಲವನ್ನೂ ಯಂತ್ರದಲ್ಲಿ ಹಿಡಿದಿಡುವ ಕೋಣೆಗಳಿವೆಯಂತೆ. ಇಲ್ಲಿ ಕಂಡದ್ದನ್ನು ಅಲ್ಲಿ ಎಲ್ಲರ ಮುಂದೆ ಇನ್ನೊಮ್ಮೆ ತೋರಿಸಬೇಕು ಎಂದು ಹದಿನೆಂಟು ಹೊಸ ಕಪ್ಪೆಗಳನ್ನು ಗಡಿಗೆಯ ಸಮೇತ ಒಯ್ದರು. ಗಡಿಗೆಗಳು ಒಡೆಯದಂತೆ ನಡುವೆ ಜೋಳದ ಕಣಿಕೆ ತುರುಕಿ ನಾನೇ ಟೆಂಪೋದಲ್ಲಿ ಇರಿಸಿದೆ. ಹೊರಡುವಾಗ ನನ್ನ ಕಾಲಿಗೆ ನಮಸ್ಕಾರ ಮಾಡಿದರು. ಹೇಳಲು ಅದು ಮೂರನೆಯ ಅವಕಾಶ. ನಾನು ಅವರ ತಲೆಯ ಮೇಲೆ ಕೈಯಿಟ್ಟು "ಚಲೋ ಆಗಲಿ" ಎಂದೆ.

ಮುಂದಿನ ವರ್ಷ ಮಿರಗ ಕೂಡಿ ಎಂಟು ದಿನಕ್ಕೆ ಅವರ ಫೋನು ಬಂತು.

"ಕಾಕಾ, ಇಲ್ಲಿ ಒಂದೂ ಎದ್ದಿಲ್ರಿ."

ನಾನು ಅಂಗಳದಲ್ಲಿ ನಿಂತಿದ್ದೆ. ಹಿಂದಿನ ದಿನವೇ ಮಳೆಯಾಗಿತ್ತು, ಗಟಾರದ ಪಕ್ಕ ಕಪ್ಪೆಗಳು ಕಿವಿ ಕಿವುಡಾಗುವಂತೆ ಒದರುತ್ತಿದ್ದವು. ಆ ಗದ್ದಲ ಅವರಿಗೂ ಕೇಳಿಸಿರಬೇಕು, "ಅಲ್ಲಿ ಎದ್ದಾವೇನ್ರಿ?" ಎಂದು ಆಸೆಯಿಂದ ಕೇಳಿದರು.

"ಹೂಂ, ಮಳಿ ಆತಲ್ರಿ" ಎಂದೆ. ಆಮೇಲೆ ಇದ್ದ ಧೈರ್ಯವನ್ನೆಲ್ಲ ಒಟ್ಟುಮಾಡಿ, "ಬಾಯಾರ, ಒಂದ್ ಸ್ವಲ್ಪ ನೀರ ಹಾಕಿ ನೋಡ್ರಲಾ" ಎಂದೆ.

ಅವರು ನಕ್ಕುಬಿಟ್ಟರು. "ನೀವ ಹಿಂಗಂದ್ರ ಹೆಂಗ್ರಿ ಕಾಕಾ? ಮೂರು ವರ್ಷ ನಿಮ್ಮ ಕೈಯಾಗ ಹನಿ ನೀರಿಲ್ಲದ ಎದ್ದಾವು. ನಾನ ನೀರ ಹಾಕಿದ್ರ ನಿಮ್ಮ ರಿಜಿಸ್ಟರಿಗೆ ಅವಮಾನ ಮಾಡಿದಂಗ ಆಗೂದಿಲ್ಲೇನ್ರಿ? ಜಾಗಾ ಬದಲಾಗೇತಿ, ತಡಾ ಆಗಬಹುದು. ಕಾಯ್ತೇನಿ" ಎಂದರು.

ಇನ್ನೊಂದು ಮಾತು ಆಡಬೇಕಿತ್ತು. ಬಾಯಾರ, ನಾನು ಹಾಕಿದ್ದೆ. ಇಷ್ಟೇ. ನಾಲಿಗೆಯ ತುದಿಗೆ ಬಂದದ್ದು ಅಲ್ಲೇ ಒಣಗಿತು. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು, ಫಲಕ ಗೋಡೆಯ ಮೇಲಿತ್ತು, ಮುಖ್ಯಸ್ಥರು ಬಂದವರಿಗೆಲ್ಲ ನನ್ನನ್ನು ತೋರಿಸಿ, ಇವರೇ ನೋಡಿಕೊಂಡದ್ದು ಎನ್ನುತ್ತಿದ್ದರು. "ಕಾಯ್ರಿ, ಏಳ್ತಾವು" ಎಂದು ಫೋನು ಇಟ್ಟೆ. ಹೆಂಡತಿ ಹೊಸ್ತಿಲಲ್ಲಿ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಅವು ಸತ್ತಹೋಗತಾವಲ್ರಿ" ಎಂದಳು. ನಾನು ಚಪ್ಪಲಿ ಮೆಟ್ಟಿಕೊಂಡು ಪೇಟೆಗೆ ಹೋದೆ. ಪೇಟೆಯಲ್ಲಿ ನನಗೆ ಏನೂ ಕೆಲಸವಿರಲಿಲ್ಲ.

ಆಮೇಲೆ ಅವರ ಫೋನು ಬರಲಿಲ್ಲ. ನಾನೂ ಮಾಡಲಿಲ್ಲ. ಆ ಮಳೆಗಾಲದಲ್ಲಿ ಕಪ್ಪೆಯ ದನಿ ಕೇಳಿದರೆ ನಾನು ಎದ್ದು ಕಿಟಕಿ ಮುಚ್ಚುತ್ತಿದ್ದೆ. ಅಲ್ಲಿ ಕೂತು ಕಾಯುತ್ತಿರುವ ಅವರು, ಒಳಗೆ ಕೂತು ಕಾಯುತ್ತಿರುವ ಅವು. ಇಬ್ಬರೂ ನನ್ನ ಒಂದು ಮಾತಿಗೆ ಕಾಯುತ್ತಿದ್ದರು. ಇಬ್ಬರಿಗೂ ಅದು ಗೊತ್ತಿರಲಿಲ್ಲ.

ಶ್ರಾವಣ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಬಾಯಾರ ತಾವೇ ಬಂದರು. ಬಹಳ ಇಳಿದುಹೋಗಿದ್ದರು. ಒಳಗೆ ಬಂದವರು ಫಲಕದ ಕಡೆ ನೋಡಲಿಲ್ಲ. ನೇರವಾಗಿ ಹಿಂದಿನ ಪಡಸಾಲೆಗೆ ಹೋಗಿ ಖಾಲಿ ಕಟ್ಟೆಯ ಮೇಲೆ ಕುಳಿತರು. ನಾನು ನೀರು ಕೊಟ್ಟೆ, ಕುಡಿಯದೆ ಪಕ್ಕಕ್ಕಿಟ್ಟರು.

"ಅಗದು ನೋಡಿದ್ನಿರಿ ಕಾಕಾ. ಹದಿನೆಂಟೂ ಹೋಗ್ಯಾವು. ಒಣಗಿ ಚರ್ಮ ಆಗಿದ್ದುವು. ಕೈಯಾಗ ಹಿಡದ್ರ ತೂಕನ ಇರಲಿಲ್ಲ" ಎಂದರು. ನೀರಿನ ಲೋಟವನ್ನು ಇನ್ನಷ್ಟು ದೂರ ಸರಿಸಿ, "ಎಲ್ಲಾರೂ ನೀರ ಹಾಕು ಅಂದ್ರು. ನಾನ ಹಾಕಗೊಡಲಿಲ್ಲ. ಇವತ್ತ ಏಳ್ತಾವು, ನಾಳಿ ಏಳ್ತಾವು ಅಂತ ನೋಡಕೋತ ಕುಂತೆ. ನನಗ ಅಷ್ಟು ಖಾತ್ರಿ ಇತ್ರಿ" ಎಂದರು. ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಎಲ್ಲಿ ತಪ್ಪಿತು ಎಂದು ನೋಡಲು ಹಳೆಯ ರಿಜಿಸ್ಟರು ಬೇಕು ಎಂದರು. ತಂದುಕೊಟ್ಟೆ. ಮೊದಲ ವರ್ಷದಿಂದ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದರು. ಉಷ್ಣತೆಯಲ್ಲಿ ತಪ್ಪು ಹುಡುಕಿದರು, ತೂಕದಲ್ಲಿ ಹುಡುಕಿದರು, ಮಣ್ಣಿನಲ್ಲಿ ಹುಡುಕಿದರು. ತಮ್ಮ ಲೆಕ್ಕಾಚಾರದಲ್ಲೇ ಎಲ್ಲೋ ದೋಷವಿರಬೇಕು ಎಂದರು. "ನೀರು" ಎಂಬ ಕಾಲಮ್ಮಿನ ಮೇಲೆ ಮಾತ್ರ ಅವರ ಬೆರಳು ಒಮ್ಮೆಯೂ ನಿಲ್ಲಲಿಲ್ಲ. ಅದನ್ನು ನೋಡುತ್ತ ನಿಲ್ಲಲು ನನ್ನಿಂದ ಆಗಲಿಲ್ಲ.

"ನಾ ಹಾಕಿದ್ನಿರಿ ಬಾಯಾರ" ಎಂದೆ. "ಮೂರೂ ವರ್ಷ. ಮದಲ್ನೇ ವರ್ಷ ಮಿರಗಂತ ಹಾಕಿದ್ನಿ. ನಮ್ಮ ಹೊಲದ ಮಣ್ಣಂತ. ಆಮ್ಯಾಲ... ಆಮ್ಯಾಲ ಅಂಜಿ ಹಾಕಿದ್ನಿ."

ಅವರು ತಲೆ ಎತ್ತಲಿಲ್ಲ. ಬೆರಳು ಎಲ್ಲಿತ್ತೋ ಅಲ್ಲೇ ಇತ್ತು. ಹೊರಗೆ ಯಾವುದೋ ಶಾಲೆಯ ಮಕ್ಕಳು ಫಲಕವನ್ನು ಗಟ್ಟಿಯಾಗಿ ಓದುತ್ತಿದ್ದರು. ಓದಿ ಮುಗಿಸಿ ಗೂಬೆಯ ಕಡೆ ಹೋದರು.

ಮುಂದೆ ಅವರು ತಮ್ಮ ಲೇಖನ ತಪ್ಪು ಎಂದು ತಾವೇ ಬರೆದು ಹಿಂದಕ್ಕೆ ತೆಗೆದುಕೊಂಡರು. ಫಲಕವನ್ನು ನಾನೇ ನಿಚ್ಚಣಿಕೆ ಹಾಕಿ ಇಳಿಸಿದೆ. ಮುಖ್ಯಸ್ಥರು ನನ್ನ ಜೊತೆ ಮಾತು ಬಿಟ್ಟರು. ಹೊಸ ಕೆಲಸವನ್ನು ಉಳಿಸಿಕೊಳ್ಳಲು ಬಾಯಾರ ಎಷ್ಟು ಪಾಡು ಪಟ್ಟರು ಎಂಬುದು ಬೇರೆಯವರಿಂದ ನನ್ನ ಕಿವಿಗೆ ಬಿತ್ತು. ಅವೆಲ್ಲ ಆಮೇಲಿನ ಮಾತು. ಆ ಮಧ್ಯಾಹ್ನದ್ದನ್ನೇ ಹೇಳಿ ಮುಗಿಸುತ್ತೇನೆ.

"ಎಷ್ಟು ನೀರ್ರಿ?" ಎಂದು ಕೇಳಿದರು.

"ಒಂದೊಂದಕ್ಕ ಒಂದ್ ಬೊಗಸಿ."

ಅವರು ಎದ್ದು ಕಪಾಟಿನಿಂದ ಅಳತೆಯ ಗಾಜಿನ ಪಾತ್ರೆ ತಂದು ಕಟ್ಟೆಯ ಮೇಲಿಟ್ಟರು. ಪಕ್ಕದಲ್ಲಿ ಒಂದು ಬಕೆಟ್ಟು ನೀರು. ಬೊಗಸೆ ಎಂದು ಬರೆದರೆ ಯಾರಿಗೂ ತಿಳಿಯುವುದಿಲ್ಲ, ಅಳೆಯಬೇಕು ಎಂದರು. ನಾನು ಎರಡೂ ಕೈ ಜೋಡಿಸಿ ನೀರು ತೆಗೆದೆ. ಅರ್ಧ ಬೆರಳ ಸಂದಿಯಿಂದ ನೆಲಕ್ಕೆ ಚೆಲ್ಲಿತು. "ಇನ್ನೊಮ್ಮೆ ಹಾಕ್ರಿ" ಎಂದರು. ಎರಡನೆಯ ಸಲವೂ ಚೆಲ್ಲಿತು. ಅವರು ಬೇಸರಪಡಲಿಲ್ಲ, ಬೈಯಲೂ ಇಲ್ಲ. ಮೂರನೆಯ ಸಲ ಸರಿಯಾಗಿ ಬಂತು. ಪಾತ್ರೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಗೆರೆ ನೋಡಿದರು. ರಿಜಿಸ್ಟರಿನಲ್ಲಿ ಮೊದಲ ವರ್ಷದ ಮಿರಗದ ದಿನ ನಾನು ಬರೆದ "ಇಲ್ಲ" ಎಂಬುದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಅಳತೆ ಬರೆದರು. ಆಮೇಲೆ ಪೆನ್ನು ನನ್ನ ಕಡೆ ಚಾಚಿದರು. "ಉಳಿದ ಎರಡು ವರ್ಷದ್ದು ನೀವ ಬರೀರಿ" ಎಂದರು.

ಬರೆದೆ. ಕೈಯ ನೀರಿಗೆ ಹಾಳೆ ಒದ್ದೆಯಾಗಿ ಅಕ್ಷರ ಹರಡಿತು. ತಲೆಯೆತ್ತಿದಾಗ ಅವರು ಆ ಪಾತ್ರೆಯನ್ನು ಇನ್ನೂ ಕೈಯಲ್ಲೇ ಹಿಡಿದುಕೊಂಡಿದ್ದರು, ತಳದಲ್ಲಿ ನಿಂತ ಅಷ್ಟು ನೀರನ್ನು ನೋಡುತ್ತಿದ್ದರು.

"ಫೋನ್ ಮಾಡಿದ ದಿನ ಹೇಳಿದ್ರ ಸಾಕಿತ್ತಲ್ರಿ ಕಾಕಾ. ಇಷ್ಟ ನೀರು" ಎಂದರು.

ಅವರು ಆ ನೀರನ್ನು ಮೂಲೆಯಲ್ಲಿ ಉಳಿದಿದ್ದ ಒಂದು ಗಡಿಗೆಯ ಒಣ ಮಣ್ಣಿಗೆ ಸುರಿದರು. ಅದರಲ್ಲಿ ಏನೂ ಇರಲಿಲ್ಲ.